ಜೋಜಿಲಾದಿಂದ ಚಿಲಿವರೆಗೆ: ಹಿಮ ಬೀಳದ ಊರಿನವರ ಸ್ಕೀ ಚರಿತ್ರೆ

ಹೋದ ತಿಂಗಳು ಕೆ.ಆರ್.ನಗರದ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ಹಿಂದೆ ಬಸ್ಸಿನ ಸದ್ದು, ಕಂಡಕ್ಟರ್ ಸೀಟಿ. "ಅಕ್ಕ, ಎವರೆಸ್ಟ್ ಮೇಲಿಂದ ಒಬ್ಬ ಸ್ಕೀ ಹಾಕ್ಕೊಂಡು ಜಾರ್ಕೊಂಡ್ ಇಳಿಯೋ ರೀಲ್ ನೋಡ್ದೆ. ನಮ್ ಕಡೆಯವ್ರು ಯಾರಾದ್ರೂ ಇದನ್ನೆಲ್ಲ ಮಾಡಿದ್ದಾರಾ? ಹುಣಸೂರು, ಪಿರಿಯಾಪಟ್ಟಣ, ಕೋಟೆ, ಎಲ್ಲಾದ್ರೂ?" ಅಂತ ಕೇಳಿದ್ರು.

ಒಂದೇ ಸಾಲಿನ ಉತ್ತರ ಬೇಕಿದ್ರೆ: ನನಗೆ ತಿಳಿದ ಮಟ್ಟಿಗೆ ಇಲ್ಲ. ಆದರೆ ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಯಾಕಂದ್ರೆ ನಮ್ಮ ನಾಲ್ಕು ತಾಲ್ಲೂಕಿಗೂ ಹಿಮಕ್ಕೂ ಒಂದು ಹಳೇ ಲೆಕ್ಕ ಇದೆ. ಅದರಲ್ಲಿ ನನ್ನ ಪಾಲಿನದೂ ಒಂದು ಚೂರು ಇದೆ. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಮೊದಲು ಒಂದು ಮಾತು. ನಾವು 'ಮಂಜು' ಅಂತೀವಲ್ಲ, ಅದು ಏನು? ಡಿಸೆಂಬರ್ ಬೆಳಗ್ಗೆ ಹುಣಸೂರಲ್ಲಿ ಲಕ್ಷ್ಮಣತೀರ್ಥದ ಸೇತುವೆ ಮೇಲೆ ಎದುರಿನ ಲಾರಿ ಕಾಣದ ಹಾಗೆ ಮುಚ್ಚಿಕೊಳ್ಳೋದು ಮಂಜು. ಅವರೆ ಗಿಡದ ಮೇಲೆ ಬೀಳೋದೂ ಮಂಜೇ. ಆಕಾಶದಿಂದ ಉದುರಿ ಮೊಣಕಾಲುದ್ದ ಕೂತು ತಿಂಗಳುಗಟ್ಟಲೆ ಕರಗದ ವಸ್ತುವಿಗೆ ನಮ್ಮ ಆಡುಮಾತಿನಲ್ಲಿ ಬೇರೆ ಪದವೇ ಇಲ್ಲ. 'ಹಿಮ' ಪಠ್ಯಪುಸ್ತಕದಿಂದ ಬಂದದ್ದು. ನನಗೆ ಹಿಮ ಅಂದ್ರೆ ಏನು ಅಂತ ಮೊದಲು ಹೇಳಿದ್ದು ಬೈಲುಕುಪ್ಪೆಯ ಒಬ್ಬ ಟಿಬೆಟನ್ ಅಜ್ಜಿ. ನಮ್ಮವ್ವ ಸ್ವೆಟರ್ ಚೌಕಾಸಿ ಮಾಡ್ತಿದ್ದಾಗ ಆ ಅಜ್ಜಿ ನನ್ನ ಕಡೆ ತಿರುಗಿ, "ನಡೆಯೋಕೆ ಆಗಲ್ಲ, ಕೂತ್ರೆ ಏಳೋಕೆ ಆಗಲ್ಲ" ಅಂದಿದ್ರು. ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ 1960ರ ಹೊತ್ತಿಗೆ ಟಿಬೆಟನ್ ವಸಾಹತು ಶುರುವಾಯ್ತು. ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಆಯ್ತು. ಹಿಮಾಲಯದ ಕಣಿವೆಗಳನ್ನ ಕಾಲ್ನಡಿಗೆಯಲ್ಲಿ ದಾಟಿ ಬಂದವರು ನಮ್ಮ ಪಕ್ಕದಲ್ಲೇ ಮುಸುಕಿನ ಜೋಳ ಬೆಳೀತಿದ್ರು. ನಾವು ಅವರನ್ನ ಸ್ವೆಟರ್ ಬೆಲೆ ಬಿಟ್ಟು ಬೇರೇನೂ ಕೇಳಲಿಲ್ಲ.

ಈಗ ಆ ರೀಲ್‌ಗೆ ಬರೋಣ. ಅದನ್ನ ಬಿಗ್ ಮೌಂಟನ್ ಸ್ಕೀಯಿಂಗ್ ಅಂತಾರೆ. ಹೋಟೆಲ್ ಮುಂದೆ ಯಂತ್ರದಿಂದ ಸಮ ಮಾಡಿದ ಇಳಿಜಾರಲ್ಲ. ಯಾರೂ ಸಿದ್ಧ ಮಾಡದ ಕಡಿದಾದ ಬೆಟ್ಟ. ಹತ್ತುವಾಗ ಸ್ಕೀ ಅಡಿಗೆ 'ಸ್ಕಿನ್' ಅನ್ನೋ ಪಟ್ಟಿ ಅಂಟಿಸ್ತಾರೆ. ಅದರ ಒರಟು ಕೂದಲು ಮುಂದಕ್ಕೆ ಜಾರೋಕೆ ಬಿಡುತ್ತೆ, ಹಿಂದಕ್ಕೆ ಬಿಡಲ್ಲ. ಆಗ ಹಿಮ್ಮಡಿ ಬಿಚ್ಚಿರುತ್ತೆ, ನಡೆದ ಹಾಗೇ ಹೆಜ್ಜೆ ಹಾಕಬಹುದು. ತುದಿ ಮುಟ್ಟಿದ ಮೇಲೆ ಪಟ್ಟಿ ಕಿತ್ತು, ಹಿಮ್ಮಡಿ ಲಾಕ್ ಮಾಡಿ ಇಳಿಯೋದು. ತೀರಾ ಕಡಿದಾದ ಕಡೆ ಸ್ಕೀ ಬೆನ್ನಿಗೆ ಕಟ್ಟಿ, ಬೂಟಿಗೆ ಮೊಳೆಪಟ್ಟಿ ಹಾಕಿ ಹತ್ತಬೇಕು. ಎವರೆಸ್ಟ್ ತುದಿಯಿಂದ ಬೇಸ್ ಕ್ಯಾಂಪ್ ತನಕ ಸ್ಕೀಯಲ್ಲೇ ಇಳಿದ ಮೊದಲಿಗ ಸ್ಲೊವೇನಿಯಾದ ದಾವೊ ಕಾರ್ನಿಚಾರ್, 2000ದಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಆಂದ್ಜೆ ಬಾರ್ಗಿಯೆಲ್ ಆಕ್ಸಿಜನ್ ಸಿಲಿಂಡರ್ ಇಲ್ಲದೆ ಹತ್ತಿ ಹಾಗೇ ಇಳಿದ್ರು. ಮರು ತಿಂಗಳೇ ಅಮೆರಿಕದ ಜಿಮ್ ಮಾರಿಸನ್ ಎವರೆಸ್ಟಿನ ಉತ್ತರ ಮುಖದ ಹಾರ್ನ್‌ಬೈನ್ ಸೀಳಿನಲ್ಲಿ ಇಳಿದ್ರು. ನಮ್ಮ ಕೇಳುಗರು ನೋಡಿದ್ದು ಇವರಿಬ್ಬರಲ್ಲಿ ಒಬ್ಬರದ್ದಿರಬೇಕು.

ಆ ಮಾರಿಸನ್ ಶಿಖರದ ಮೇಲೆ ಒಂದಿಷ್ಟು ಬೂದಿ ಚೆಲ್ಲಿದ್ರು. ಅದು ಅವರ ಸಂಗಾತಿ ಹಿಲರಿ ನೆಲ್ಸನ್ ಅವರದ್ದು. ಇದನ್ನೇ ಕಸುಬು ಮಾಡಿಕೊಂಡ ಹೆಂಗಸು ಅಂದ್ರೆ ನನಗೆ ಮೊದಲು ನೆನಪಾಗೋದು ಅವರೇ. ಇಬ್ಬರು ಗಂಡುಮಕ್ಕಳ ತಾಯಿ. 2012ರಲ್ಲಿ 24 ಗಂಟೆಯೊಳಗೆ ಎವರೆಸ್ಟ್ ಮತ್ತು ಲೋತ್ಸೆ ಎರಡನ್ನೂ ಹತ್ತಿದ ಮೊದಲ ಮಹಿಳೆ. 2017ರಲ್ಲಿ ನಮ್ಮದೇ ದೇಶದ ಹಿಮಾಚಲಕ್ಕೆ ಬಂದು 6,451 ಮೀಟರ್ ಎತ್ತರದ ಪಾಪಸುರ ಅನ್ನೋ ಶಿಖರದಿಂದ ಸ್ಕೀ ಮಾಡಿ ಇಳಿದ್ರು. ಪಕ್ಕದ ಶಿಖರದ ಹೆಸರು ಧರ್ಮಸುರ. ಧರ್ಮ ಪಕ್ಕದಲ್ಲೇ ಇರುವಾಗ ಪಾಪವನ್ನ ಆರಿಸಿಕೊಂಡ್ರು ನೋಡಿ! ಮರುವರ್ಷ 8,516 ಮೀಟರ್‌ನ ಲೋತ್ಸೆಯ ತುದಿಯಿಂದ ಮಾರಿಸನ್ ಜೊತೆ ಇಳಿದ್ರು. ಅದಕ್ಕೂ ಮುಂಚೆ ಅಲ್ಲಿಂದ ಹಾಗೆ ಯಾರೂ ಇಳಿದಿರಲಿಲ್ಲ. 2022ರ ಸೆಪ್ಟೆಂಬರ್ 26ರಂದು ನೇಪಾಳದ ಮನಾಸ್ಲು ಶಿಖರದಿಂದ ಇಳಿಯೋಕೆ ಶುರುಮಾಡ್ತಿದ್ದ ಹಾಗೇ ಹಿಮ ಜಾರಿತು. ಅವರು ವಾಪಸ್ ಬರಲಿಲ್ಲ. ಆ ತಾರೀಕು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಈಗ ನಮ್ಮ ಕಡೆ. ಮೈಸೂರಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ. ನಾನು ಹುಟ್ಟಿದ್ದು ಈ ರಸ್ತೆ ಬದಿಯಲ್ಲಿ. ರಸ್ತೆಯ ಆ ತುದಿಯಲ್ಲಿ, ಮಡಿಕೇರಿಯಲ್ಲಿ, 1906ರಲ್ಲಿ ಹುಟ್ಟಿದವರು ಜನರಲ್ ಕೊಡಂದೇರ ತಿಮ್ಮಯ್ಯ. ಅವರ 'ಸನ್ನಿ ಸೈಡ್' ಮನೆ ಈಗ ಮ್ಯೂಸಿಯಂ. ಕಾಲೇಜ್ ಟ್ರಿಪ್‌ನಲ್ಲಿ ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಂಡಿರ್ತೀರಿ. ಅವರು ಸೇನಾ ಮುಖ್ಯಸ್ಥರಾಗಿದ್ದು, ಕೊರಿಯಾಕ್ಕೆ ಹೋಗಿದ್ದು, ಸೈಪ್ರಸ್‌ನಲ್ಲಿ ತೀರಿಕೊಂಡಿದ್ದು ಗೂಗಲ್ ಮಾಡಿದ್ರೆ ಸಿಗುತ್ತೆ. ನನಗೆ ಬೇಕಾಗಿರೋದು ಒಂದೇ ವರ್ಷ: 1948.

ಕಾಶ್ಮೀರದ ಯುದ್ಧ ನಡೀತಿದೆ. ಪಶ್ಚಿಮದ ಕಮಾಂಡ್ ಇರೋದು ಇನ್ನೊಬ್ಬ ಕೊಡವರ ಕೈಯಲ್ಲಿ, ಕಾರ್ಯಪ್ಪನವರು. ಅವರ ಕೆಳಗೆ ಕಾಶ್ಮೀರ ಕಣಿವೆಯ 19ನೇ ಡಿವಿಷನ್‌ಗೆ ತಿಮ್ಮಯ್ಯ. ಲಡಾಖ್‌ನ ಲೇಹ್ ಪಟ್ಟಣ ಮುತ್ತಿಗೆಯಲ್ಲಿದೆ. ಮಧ್ಯೆ ಜೋಜಿಲಾ, ಸುಮಾರು 11,500 ಅಡಿ ಎತ್ತರದ ಕಣಿವೆ ದಾರಿ. ಆ ವರ್ಷ ಫೆಬ್ರವರಿಯಲ್ಲೇ ಮೇಜರ್ ಪೃಥಿ ಚಂದ್ ಅನ್ನೋ ಲಾಹೌಲಿನ ಅಧಿಕಾರಿ ಒಂದು ಸಣ್ಣ ತಂಡ ಕಟ್ಟಿಕೊಂಡು ಹಿಮ ತುಂಬಿದ ಜೋಜಿಲಾ ದಾಟಿ ನಡೆದೇ ಲೇಹ್ ಸೇರಿದ್ರು. ಅವರು ಹಿಮದಲ್ಲೇ ಹುಟ್ಟಿ ಬೆಳೆದವರು, ದಾಟಿದ್ರು. ಬಯಲು ಸೀಮೆಯ ಸಿಪಾಯಿಗೆ ಅದು ಆಗೋ ಮಾತಲ್ಲ. ಮೇ 24ಕ್ಕೆ ಪೈಲಟ್ ಮೆಹರ್ ಸಿಂಗ್ ಲೇಹ್‌ನ ಹೊಸ ಮಣ್ಣಿನ ರನ್‌ವೇ ಮೇಲೆ ಮೊದಲ ಡಕೋಟಾ ವಿಮಾನ ಇಳಿಸಿದ್ರು. ಅದರಲ್ಲಿ ಕೂತಿದ್ದ ಪ್ರಯಾಣಿಕ ತಿಮ್ಮಯ್ಯ.

ಸೆಪ್ಟೆಂಬರ್‌ನಲ್ಲಿ ಜೋಜಿಲಾ ಮೇಲೆ ಕಾಲಾಳುಗಳು ನಡೆಸಿದ ದಾಳಿ ಸೋತಿತು. ಆಗ ಟ್ಯಾಂಕ್ ಹತ್ತಿಸೋ ಯೋಚನೆ ಬಂತು. ಅಷ್ಟು ಎತ್ತರದಲ್ಲಿ ಅಲ್ಲಿವರೆಗೆ ಯಾರೂ ಟ್ಯಾಂಕ್‌ನಿಂದ ಯುದ್ಧ ಮಾಡಿರಲಿಲ್ಲ. ಗುಟ್ಟು ಬಿಡಬಾರದು ಅಂತ ಟ್ಯಾಂಕಿನ ಗೋಪುರಗಳನ್ನ ಬಿಚ್ಚಿ, ಟಾರ್ಪಾಲು ಹೊದಿಸಿ ತಂದ್ರು. ಹೇಸರಗತ್ತೆ ಹೋಗ್ತಿದ್ದ ಕಾಲುದಾರಿಯನ್ನ ಟ್ಯಾಂಕ್ ಹೋಗೋ ಹಾಗೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ನಮ್ಮ ಬೆಂಗಳೂರಿನ ಹಲಸೂರು ಕೆರೆ ಹತ್ತಿರ ನೆಲೆ ಇರೋ ಎಂಇಜಿಯವರು. ನವೆಂಬರ್ 1, ಹಿಮ ಬೀಳೋ ಹವಾಮಾನ, ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳು ಜೋಜಿಲಾದೊಳಗೆ ನುಗ್ಗಿದವು. ತಿಮ್ಮಯ್ಯ ಹಿಂದೆ ಡೇರೆಯಲ್ಲಿ ಕೂರಲಿಲ್ಲ, ಅವರೂ ಟ್ಯಾಂಕ್ ಹತ್ತಿ ಮುಂದೆ ಹೋದ್ರು. ಆ ತಿಂಗಳ ಕೊನೆಗೆ ಲೇಹ್‌ನ ದಾರಿ ತೆರೆಯಿತು.

ಇಲ್ಲಿವರೆಗೆ ಎಲ್ಲರೂ ಹೇಳೋ ಕಥೆ. ನನಗೆ ಬೇಕಾದ ಸಾಲು ಇದರ ನಂತರದ್ದು, ಯಾರೂ ಹೆಚ್ಚು ಗಮನಿಸದ್ದು. ಅದೇ ಡಿಸೆಂಬರ್‌ನಲ್ಲಿ, ಯುದ್ಧ ಇನ್ನೂ ನಿಂತಿರಲಿಲ್ಲ, ಗುಲ್ಮಾರ್ಗ್‌ನಲ್ಲಿ ಒಂದು ಶಾಲೆ ತೆರೆದ್ರು. ಹೆಸರು '19 ಇನ್‌ಫೆಂಟ್ರಿ ಡಿವಿಷನ್ ಸ್ಕೀ ಸ್ಕೂಲ್'. ತಿಮ್ಮಯ್ಯನವರ ಡಿವಿಷನ್ನು!

ಗುಲ್ಮಾರ್ಗ್‌ನಲ್ಲಿ ಸ್ಕೀ ಹೊಸದೇನಲ್ಲ. 1927ರಲ್ಲೇ ಬ್ರಿಟಿಷ್ ಅಧಿಕಾರಿಗಳು ಅಲ್ಲಿ ಸ್ಕೀ ಕ್ಲಬ್ ಕಟ್ಟಿಕೊಂಡಿದ್ರು. ಕ್ರಿಸ್‌ಮಸ್ ರಜೆಗೆ ಬಂದು, ಜಾರಿ, ಕುಡಿದು, ವಾಪಸ್ ಹೋಗೋದು. 1948ರ ಶಾಲೆ ಮೋಜಿಗಲ್ಲ. ಕದನ ವಿರಾಮ ಆದ್ರೂ ಹಿಮದ ಮೇಲೆ ಗೀಚಿದ ಗೆರೆಯನ್ನ ಚಳಿಗಾಲದಲ್ಲೂ ಕಾಯಬೇಕು. ಕಾಯೋನಿಗೆ ಹಿಮದ ಮೇಲೆ ಓಡಾಡೋಕೆ ಬರಬೇಕು. ಬರದಿದ್ರೆ ಶತ್ರುವಿನ ಅವಶ್ಯಕತೆಯೇ ಇಲ್ಲ, ಹಿಮವೇ ಸಾಕು. 1962ರಲ್ಲಿ ಆ ಶಾಲೆಗೆ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಅಂತ ಹೆಸರಾಯ್ತು. 1978ರಲ್ಲಿ ಅದರ ಮುಖ್ಯಸ್ಥರಾಗಿದ್ದ ಕರ್ನಲ್ ನರೇಂದ್ರ ಕುಮಾರ್ ತಮ್ಮ ಶಾಲೆಯವರನ್ನ ಕರೆದುಕೊಂಡು ಸಿಯಾಚಿನ್ ಹಿಮನದಿಗೆ ಹೋದ್ರು. 1961ರಲ್ಲೇ ನೀಲಕಂಠ ಪರ್ವತದಲ್ಲಿ ಹಿಮ ಕಚ್ಚಿ ಕಾಲಿನ ನಾಲ್ಕು ಬೆರಳು ಕಳಕೊಂಡಿದ್ದ ಮನುಷ್ಯ ಅವರು. ಆರು ವರ್ಷದ ನಂತರ, 1984ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಸಿಯಾಚಿನ್ ಮೇಲೆ ಕೂತಿತು. ಇವತ್ತಿಗೂ ಅಲ್ಲೇ ಇದೆ.

ಸಿಯಾಚಿನ್ ಅಂದಕೂಡಲೇ ನಿಮಗೆ ಹನುಮಂತಪ್ಪ ಕೊಪ್ಪದ ನೆನಪಾಗ್ತಾರೆ. 2016ರ ಫೆಬ್ರವರಿ 3, ಸುಮಾರು 19,600 ಅಡಿ ಎತ್ತರದ ಪೋಸ್ಟ್ ಮೇಲೆ ಹಿಮ ಕುಸಿದು 19 ಮದ್ರಾಸ್‌ನ ಹತ್ತು ಜನ ಹೂತುಹೋದ್ರು. ಆರು ದಿನದ ನಂತರ ಹನುಮಂತಪ್ಪ ಜೀವಂತ ಸಿಕ್ಕಿದ್ರು. ಇಡೀ ದೇಶ ಉಸಿರು ಹಿಡಿದು ಕೂತಿತ್ತು. 11ನೇ ತಾರೀಕು ಅವರೂ ಹೋದ್ರು. ಆ ಹತ್ತು ಜನರಲ್ಲಿ ನಮ್ಮ ರಾಜ್ಯದವರು ಮೂವರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ, ಹಾಸನದ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್. ಮೂರನೆಯವರು ಸಿಪಾಯಿ ಪಿ.ಎನ್. ಮಹೇಶ್. ಎಚ್.ಡಿ.ಕೋಟೆ ತಾಲ್ಲೂಕಿನವರು.

ಕೆ.ಆರ್.ನಗರದ ನನ್ನ ತಮ್ಮನೇ, ನೀವು ಕೇಳಿದ ಪ್ರಶ್ನೆಯಲ್ಲಿ 'ಕೋಟೆ' ಅನ್ನೋ ಪದ ಇತ್ತಲ್ಲ, ಆಗ ನನಗೆ ಮೊದಲು ನೆನಪಾದ ಹೆಸರು ಇದು. ಅವರು ಸ್ಕೀ ಮಾಡೋಕೆ ಹೋದವರಲ್ಲ, ಕೆಲಸಕ್ಕೆ ಹೋದವರು. ಕಬಿನಿ ಹಿನ್ನೀರಿನ ತಾಲ್ಲೂಕಿನ ಹುಡುಗ, ಹಿಮದ ಅಡಿಯಲ್ಲಿ.

ಇಲ್ಲಿ ನನ್ನ ಕಥೆ ಸೇರಿಕೊಳ್ಳುತ್ತೆ. ಆ ವರ್ಷ ನಾನು ಡಿಗ್ರಿ ಎರಡನೇ ವರ್ಷ, ಎನ್‌ಸಿಸಿಯಲ್ಲಿದ್ದೆ. ಜನವರಿಯಲ್ಲಿ ಪರ್ವತಾರೋಹಣದ ಬೇಸಿಕ್ ಕೋರ್ಸ್‌ಗೆ ನನ್ನ ಹೆಸರು ಆಯ್ಕೆಯಾಗಿ ಕಾಗದ ಬಂದಿತ್ತು. ಮೇ ತಿಂಗಳು, ಉತ್ತರಕಾಶಿ, 28 ದಿನ. ನಮ್ಮಪ್ಪ ಹೊಗೆಸೊಪ್ಪಿನ ರೈತ. ಸಸಿಮಡಿ ಕೆಲಸ ಶುರುವಾಗೋ ಹೊತ್ತು ಅಂತ ಗೊಣಗಿದ್ರೂ "ಹೋಗ್ಬಾ ಮಗ, ನಾನು ಮೈಸೂರು ದಾಟಿಲ್ಲ, ನೀನಾದ್ರೂ ನೋಡ್ಕ ಬಾ" ಅಂದಿದ್ರು. ಫೆಬ್ರವರಿ ಬಂತು. ಟಿವಿಯಲ್ಲಿ ಒಂದು ವಾರ ಅದೇ. ಆಮೇಲೆ ಮಹೇಶ್ ಅವರ ದೇಹ ಊರಿಗೆ ಬಂದ ದಿನ ಅಪ್ಪ ಬೈಕ್ ಹತ್ತಿ ಕೋಟೆ ಕಡೆ ಹೋದ್ರು. ಅವರಿಗೂ ನಮಗೂ ಪರಿಚಯ ಇಲ್ಲ, ಸಂಬಂಧ ಇಲ್ಲ. ಸಾವಿರಾರು ಜನ ಹೋಗಿದ್ರಂತೆ, ಅಪ್ಪನೂ ಹೋದ್ರು. ರಾತ್ರಿ ವಾಪಸ್ ಬಂದವರು ಊಟ ಮಾಡಲಿಲ್ಲ. ಬೆಳಗ್ಗೆ ಎದ್ದು ಹೇಳಿದ್ದು ಇಷ್ಟೇ: "ಬ್ಯಾಡ ಕಣವ್ವ."

ನಾನು ಅತ್ತೆ, ಜಗಳ ಮಾಡ್ದೆ, ಎರಡು ದಿನ ಮಾತು ಬಿಟ್ಟೆ. ಅದು ಸೈನ್ಯ, ಇದು ಕ್ಯಾಂಪ್, ಬೇರೆ ಬೇರೆ ಅಂತ ವಾದಿಸಿದೆ. "ಹಿಮಕ್ಕೆ ಗೊತ್ತಾ ಬೇರೆ ಅಂತ?" ಅಂದ್ರು ಅಪ್ಪ. ನನ್ನ ಬದಲಿಗೆ ಸಾಲಿಗ್ರಾಮದ ಕಡೆಯ ನನ್ನ ಗೆಳತಿ ಹೋದ್ಲು. ಜೂನ್‌ನಲ್ಲಿ ಬಂದಾಗ ಮೂಗಿನ ಸಿಪ್ಪೆ ಎದ್ದಿತ್ತು. ಹಿಮದಲ್ಲಿ ಬಿಸಿಲು ಮೇಲಿಂದಲ್ಲ ಕಣೇ, ಕೆಳಗಿಂದ ಹೊಡೆಯೋದು, ಅಂದ್ಲು. ಮೊದಲ ವಾರ ಬರೀ ಬಂಡೆ ಹತ್ತೋದು, ಆಮೇಲೆ ಡೋಕ್ರಿಯಾನಿ ಹಿಮನದಿ. ಅಲ್ಲಿ ಮೊದಲು ಕಲಿಸೋದು ಹತ್ತೋದಲ್ಲವಂತೆ, ಬೀಳೋದು. ಬೇಕಂತಲೇ ಜಾರಿ, ಹೊಟ್ಟೆ ಮೇಲೆ ತಿರುಗಿ, ಐಸ್ ಕೊಡಲಿಯ ಮೂತಿಯನ್ನ ಹಿಮಕ್ಕೆ ಚುಚ್ಚಿ ನಿಲ್ಲೋದು. ದಿನವಿಡೀ ಅದೇ. ನಾನು ನಗ್ತಾ ಕೇಳಿಸಿಕೊಂಡೆ. ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳಲಿ.

2022. ಹಿಲರಿ ನೆಲ್ಸನ್ ಹೋಗಿದ್ದು ಸೆಪ್ಟೆಂಬರ್ 26 ಅಂದೆನಲ್ಲ. ಸರಿಯಾಗಿ ಎಂಟು ದಿನಕ್ಕೆ, ಅಕ್ಟೋಬರ್ 4ರಂದು, ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ಅಡ್ವಾನ್ಸ್ ಕೋರ್ಸ್ ತಂಡ ದ್ರೌಪದಿ ಕಾ ದಂಡಾ ಶಿಖರದ ಹತ್ತಿರ ಹಿಮಕುಸಿತಕ್ಕೆ ಸಿಕ್ಕಿತು. ಎರಡು ಡಜನ್‌ಗೂ ಹೆಚ್ಚು ಜನ ಹೋದ್ರು. ಹೆಚ್ಚಿನವರು ಕಲಿಯೋಕೆ ಬಂದ ಹುಡುಗ ಹುಡುಗಿಯರು. ತರಬೇತುದಾರರಲ್ಲಿ ಸವಿತಾ ಕಂಸ್ವಾಲ್ ಇದ್ರು. ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡೂ ಹತ್ತಿ ಬಂದಿದ್ದವರು. ಬೇಸಿಕ್ ಆದ ಮೇಲೆ ನಾನು ಅಡ್ವಾನ್ಸ್‌ಗೆ ಹೋಗ್ತಿದ್ನಾ? ಆ ವರ್ಷವೇ ಹೋಗ್ತಿದ್ನಾ? ಅಂಥ ಲೆಕ್ಕಕ್ಕೆ ಅರ್ಥ ಇಲ್ಲ. ಸುದ್ದಿ ಬಂದಾಗ ಅಪ್ಪನೂ ಟಿವಿ ಮುಂದೆ ಇದ್ರು. ನಾನು ಹೇಳಿದ್ದು ಸರಿ ಇತ್ತು ನೋಡು ಅಂತ ಅವರು ಅನ್ನಬಹುದಿತ್ತು. ಅನ್ನಲಿಲ್ಲ. ಎದ್ದು ಹಟ್ಟಿ ಕಡೆ ಹೋದ್ರು.

ಈಗ ಕೊನೆಯ ಹೆಸರು. ಕೊಡಗಿನ ನಾಪೋಕ್ಲು ಕಡೆಯ ತೆಕ್ಕಡ ಭವಾನಿ. ಇವರೂ ಎನ್‌ಸಿಸಿಯಿಂದ ಬಂದವರು, ಮೊದಲು ಪರ್ವತಾರೋಹಣ, ಆಮೇಲೆ ಸ್ಕೀ. ಇವರು ಹಿಡಿದದ್ದು ಬಿಗ್ ಮೌಂಟನ್ ಅಲ್ಲ, ಕ್ರಾಸ್ ಕಂಟ್ರಿ. ಸ್ಕೀ ಸಪೂರ, ಹಿಮ್ಮಡಿ ಯಾವಾಗಲೂ ಬಿಚ್ಚಿರುತ್ತೆ, ದಾರಿ ಏರುತ್ತೆ, ಇಳಿಯುತ್ತೆ, ಕಿಲೋಮೀಟರ್‌ಗಟ್ಟಲೆ ತೋಳು ತೊಡೆ ಎರಡರಿಂದಲೂ ತಳ್ಳಿಕೊಂಡು ಹೋಗಬೇಕು. ನೋಡೋಕೆ ರೀಲ್‌ನಷ್ಟು ರೋಮಾಂಚನ ಇಲ್ಲ. ಆದರೆ ಗುರಿ ಮುಟ್ಟಿದವರು ಹಿಮದ ಮೇಲೆ ಬಿದ್ದುಕೊಂಡು ಏದುಸಿರು ಬಿಡೋದು ನೋಡಿ, ಗೊತ್ತಾಗುತ್ತೆ. ಹಿಮ ಇಲ್ಲದ ತಿಂಗಳಲ್ಲಿ ಈ ಆಟದವರು ಗಾಲಿ ಹಾಕಿದ ರೋಲರ್ ಸ್ಕೀಯಲ್ಲಿ ಟಾರು ರಸ್ತೆ ಮೇಲೆ ಅಭ್ಯಾಸ ಮಾಡ್ತಾರೆ. ಗುಲ್ಮಾರ್ಗ್‌ನಲ್ಲಿ 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಶುರುವಾಯ್ತು. ಅಲ್ಲಿ ಭವಾನಿ ಚಿನ್ನದ ಮೇಲೆ ಚಿನ್ನ ಗೆದ್ರು. 2024ರ ಪದಕ ಪಟ್ಟಿಯಲ್ಲಿ ಸೇನೆ ಮೊದಲು, ಎರಡನೇದು ಯಾವ ರಾಜ್ಯ ಹೇಳಿ? ಹಿಮಾಚಲ ಅಲ್ಲ, ಕಾಶ್ಮೀರ ಅಲ್ಲ. ಕರ್ನಾಟಕ. ಒಂದು ಚೂರು ಹಿಮ ಬೀಳದ ರಾಜ್ಯ.

1948ರಲ್ಲಿ ಒಬ್ಬ ಕೊಡವರ ಡಿವಿಷನ್ ಸ್ಕೀ ಶಾಲೆ ತೆರೆದ ಊರಲ್ಲೇ, ಮುಕ್ಕಾಲು ಶತಮಾನದ ನಂತರ ಕೊಡಗಿನ ಹುಡುಗಿ ಗೆದ್ದಿದ್ದು. ಇದಕ್ಕೂ ಅದಕ್ಕೂ ನೇರ ಕೊಂಡಿ ಇದೆ ಅಂತ ನಾನು ಹೇಳಲ್ಲ. ಇತಿಹಾಸವನ್ನ ಅಷ್ಟು ಸಲೀಸಾಗಿ ಗಂಟು ಹಾಕಬಾರದು. ಆದರೆ ದಾರಿ ಒಂದೇ: ಸೇನೆ, ಎನ್‌ಸಿಸಿ, ಕ್ಯಾಂಪ್. ದುಡ್ಡಿರೋರ ಮಕ್ಕಳು ಯುರೋಪಿಗೆ ಹೋಗಿ ಕಲೀಬಹುದು. ನಮ್ಮಂಥವರ ಮನೆ ಹುಡುಗಿಗೆ ಹಿಮ ತೋರಿಸಿರೋದು ಇವತ್ತಿಗೂ ಖಾಕಿ ಬಟ್ಟೆಯೇ.

2025ರ ನಮ್ಮ ಮಳೆಗಾಲದಲ್ಲಿ, ಅಂದ್ರೆ ಅಲ್ಲಿಯ ಚಳಿಗಾಲದಲ್ಲಿ, ದಕ್ಷಿಣ ಅಮೆರಿಕದ ಚಿಲಿಯ ಕೊರಾಲ್ಕೊದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಓಟದಲ್ಲಿ ಭವಾನಿ ಕಂಚು ಗೆದ್ರು. ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಅಂತಾರಾಷ್ಟ್ರೀಯ ಪದಕ ತಂದ ಮೊದಲ ಭಾರತೀಯ ಮಹಿಳೆ.

ಆ ಸುದ್ದಿ ನನ್ನ ಫೋನಿಗೆ ಬಂದಾಗ ನಾನು ಊರಲ್ಲಿದ್ದೆ, ಬ್ಯಾರನ್ ಮುಂದೆ. ಹೊಗೆಸೊಪ್ಪು ಬೇಯಿಸೋ ಕಾಲ. ಹುಣಸೂರು, ಪಿರಿಯಾಪಟ್ಟಣದವರಿಗೆ ಹೇಳಬೇಕಿಲ್ಲ. ಉಳಿದವರಿಗೆ: ಸೊಪ್ಪನ್ನ ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸಿದ ಮೇಲೆ ಐದಾರು ದಿನ ಹಗಲು ರಾತ್ರಿ ಬೆಂಕಿ ಆರದ ಹಾಗೆ, ಜಾಸ್ತಿಯೂ ಆಗದ ಹಾಗೆ ನೋಡ್ಕೋಬೇಕು. ಶಾಖ ನಿಧಾನಕ್ಕೆ 70 ಡಿಗ್ರಿ ತನಕ ಏರಿಸಬೇಕು. ತಪ್ಪಿದ್ರೆ ಕಟ್ಟೆಮಳಲವಾಡಿ ಹರಾಜಲ್ಲಿ ಆ ಬೇಲಿಗೆ ಬೆಲೆ ಇಲ್ಲ. ಅಪ್ಪ ಕಿಂಡಿಗೆ ಟಾರ್ಚ್ ಬಿಟ್ಟು ಥರ್ಮಾಮೀಟರ್ ನೋಡ್ತಿದ್ರು. ನಾನು ಫೋನ್ ಮುಂದಕ್ಕೆ ಹಿಡಿದು ಭವಾನಿಯವರು ಸ್ಕೀ ಮಾಡೋ ವಿಡಿಯೊ ತೋರಿಸ್ದೆ. ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದ್ರು.

"ಯಾರ ಮಗಳಿದು?"

"ನಾಪೋಕ್ಲು ಕಡೆಯವ್ರು ಅಪ್ಪ."

"ಪಕ್ಕದವ್ರೇ." ಸ್ವಲ್ಪ ಹೊತ್ತು ಬಿಟ್ಟು, "ನಿಂಗೆ ಬಂದಿತ್ತಲ್ಲ ಕಾಗದ, ಅದು ಇನ್ನೂ ಅದಾ?" ಅಂದ್ರು.

ಇದೆ ಅಂದೆ, ಟ್ರಂಕಿನಲ್ಲಿ. "ಇರ್ಲಿ, ಮಡಗಿರು" ಅಂತ ಹೇಳಿ ಇನ್ನೊಂದು ಕೊರಡು ಒಲೆಗೆ ನೂಕಿದ್ರು.